ಎಸ್‌ಎಂಪಿಎಸ್ ಹುಡುಕಾಟ: ಲೇಬಲ್ಲಿನಿಂದ ಅರ್ತಿಂಗ್ ಗುಂಡಿಯವರೆಗೆ

ಮನೆಯ ಕಂಪ್ಯೂಟರಿಗೆ ಹಾಕುವ ಹೊಸ ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ಆಗಲೇ ತೀರ್ಮಾನ ಆಗಿತ್ತು: ಆರ್‌ಟಿಎಕ್ಸ್ 4060 ಟಿಐ, 8 ಜಿಬಿಯದು. ಅದರ ಮೇಲಿನದಕ್ಕೆ ದುಡ್ಡು ಸಾಲದು, ಕೆಳಗಿನದಕ್ಕೆ ಮನಸ್ಸು ಒಪ್ಪದು. ಮಷೀನಿನಲ್ಲಿ ಇದ್ದದ್ದು ಜಿಟಿಎಕ್ಸ್ 1050 ಟಿಐ, 2016ರ ಕಾಲದ್ದು. ಪಾಪ, ಅದು ಇಷ್ಟು ವರ್ಷ ದುಡಿದದ್ದೇ ಹೆಚ್ಚು. ಪ್ರೊಸೆಸರ್ ಮತ್ತು ಬೋರ್ಡನ್ನು ಹಿಂದೊಮ್ಮೆ ಬದಲಾಯಿಸಿ ಇಂಟೆಲ್ ಐ5 12400ಎಫ್ ಹಾಕಿಸಿದ್ದೆ. ಕ್ಯಾಬಿನೆಟ್ಟು ಮತ್ತು ಅದರ ಜೊತೆಗೇ ಬಂದ ಎಸ್‌ಎಂಪಿಎಸ್ಸು ಮಾತ್ರ ಮೊದಲಿನವೇ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟುಗಳಿಗೆ ಇಳಿಸಿಕೊಡುವ ಡಬ್ಬ. ಈ ಎಸ್‌ಎಂಪಿಎಸ್ ಹೊಸ ಕಾರ್ಡನ್ನು ಎಳೆಯುತ್ತದೋ? ಇಲ್ಲವಾದರೆ ಎಷ್ಟು ವ್ಯಾಟಿನದು ತರಬೇಕು? ಉಳಿದದ್ದು ಇಷ್ಟೇ ಪ್ರಶ್ನೆ.

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ಒಂದೇ ಮಾತಿನಲ್ಲಿ ಮುಗಿಸಿದ: "750 ವ್ಯಾಟ್ ಗೋಲ್ಡ್ ತಗಂಡ್ಬಿಡು ಮಾವ, ತಲೆಬಿಸಿನೇ ಇಲ್ಲೆ." ಗೋಲ್ಡ್, ಬ್ರಾಂಜ್ ಅನ್ನುವುದು ದಕ್ಷತೆ ನೋಡಿ ಕೊಡುವ 80 ಪ್ಲಸ್ ಮುದ್ರೆಯ ದರ್ಜೆಗಳು. ಯೂಟ್ಯೂಬಿನವರೂ ಹೆಚ್ಚುಕಡಿಮೆ ಹಾಗೇ ಹೇಳುತ್ತಾರೆ. ಆದರೆ ಆ ವೀಡಿಯೊಗಳೆಲ್ಲ ಗೋಡೆಯ ಪ್ಲಗ್ಗಿನಲ್ಲಿ ಸದಾ 230 ವೋಲ್ಟ್ ಇರುತ್ತದೆ, ಮೂರನೇ ತೂತಿನ ಹಿಂದೆ ನಿಜಕ್ಕೂ ಅರ್ತ್ ಇರುತ್ತದೆ ಅಂದುಕೊಂಡೇ ಶುರುವಾಗುತ್ತವೆ. ನಾನಿರುವುದು ಶಿರಸಿಯಿಂದ ಸಿದ್ದಾಪುರದ ದಾರಿಯಲ್ಲಿ ಡಾಂಬರು ಬಿಟ್ಟು ಒಳಗೆ ಇಳಿಯುವ ಹಳ್ಳಿಯಲ್ಲಿ. ಹಗಲು ಬೆಂಗಳೂರಿನ ಕಂಪನಿಯ ಕೆಲಸ, ರಾತ್ರಿ ಊಟ ಆದಮೇಲೆ ಆಟ. ಇಲ್ಲಿ ಎಸ್‌ಎಂಪಿಎಸ್ ಆರಿಸುವಾಗ ಕಾರ್ಡಿನ ಕಡೆಯಿಂದ ಎಷ್ಟು ಲೆಕ್ಕ ಹಾಕಬೇಕೋ ಗೋಡೆಯ ಕಡೆಯಿಂದಲೂ ಅಷ್ಟೇ ಹಾಕಬೇಕು.

ಮೊದಲು ಹಳೆಯದರ ಲೇಬಲ್ ಓದಿದೆ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಅಡಿಕೆ ದೂಳು ಜೇಡರಬಲೆ ಎಲ್ಲ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಅರ್ಧ ಕಿತ್ತುಹೋದ ಸ್ಟಿಕ್ಕರಿನ ಮೇಲೆ ದಪ್ಪ ಕೆಂಪಕ್ಷರದಲ್ಲಿ 500 ವ್ಯಾಟ್. ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದ ಒಂದು ಕೋಷ್ಟಕ. 3.3 ವೋಲ್ಟಿಗೆ 28 ಆಂಪ್, 5 ವೋಲ್ಟಿಗೆ 30 ಆಂಪ್, 12 ವೋಲ್ಟಿಗೆ 18 ಆಂಪ್, ಮೈನಸ್ 12 ವೋಲ್ಟಿಗೆ 0.8 ಆಂಪ್, ಸ್ಟ್ಯಾಂಡ್‌ಬೈ 5 ವೋಲ್ಟಿಗೆ 2 ಆಂಪ್. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. ಎಲ್ಲ ಸಾಲನ್ನೂ ಗುಣಿಸಿ ಕೂಡಿಸಿದೆ: 478. ಅಂದರೆ ಇದ್ದಬದ್ದದ್ದನ್ನೆಲ್ಲ ಸೇರಿಸಿದರೂ 500 ಆಗಲಿಲ್ಲ.

ಆದರೆ ಆ ಮೊತ್ತಕ್ಕೆ ಅರ್ಥವೇ ಇಲ್ಲ ಅನ್ನಿ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಪೆಂಟಿಯಂ 4 ಬರುವುದಕ್ಕೆ ಮೊದಲು ಪ್ರೊಸೆಸರಿಗೆ 5 ವೋಲ್ಟಿನಿಂದ ಕರೆಂಟ್ ಹೋಗುತ್ತಿತ್ತು, ಆ ಕಾಲದ ಎಸ್‌ಎಂಪಿಎಸ್ಸಿನಲ್ಲಿ 5 ವೋಲ್ಟೇ ದೊಡ್ಡದು. 2000ದ ಹೊತ್ತಿಗೆ ಪ್ರೊಸೆಸರಿಗೆಂದೇ 12 ವೋಲ್ಟಿನ ಬೇರೆ ಪ್ಲಗ್ ಬಂತು. ನನ್ನ ಡಬ್ಬದಲ್ಲಿ ಆ 12 ವೋಲ್ಟಿನ ಸಾಲು ಎಷ್ಟು? 18ನ್ನು 12ರಿಂದ ಗುಣಿಸಿದರೆ 216 ವ್ಯಾಟ್. ಬಿಳಗೋಟು, ಕೋಕಾದಂಥ ಕೆಳದರ್ಜೆಯ ಅಡಿಕೆ ಎಲ್ಲ ಸೇರಿಸಿ ತೂಗಿ ಒಳ್ಳೆಯ ಚಾಲಿ ಅಡಿಕೆ ಇಷ್ಟು ಕ್ವಿಂಟಲ್ ಅಂದ ಹಾಗೆ ಆ 500. ಚಾಲಿ ಮಾತ್ರ ಬೇರೆ ಮಾಡಿ ತೂಗಿದರೆ ಅರ್ಧಕ್ಕಿಂತ ಕಡಿಮೆ.

ಮತ್ತೆ ಇಷ್ಟು ದಿನ ಹೇಗೆ ನಡೆಯಿತು ಅಂದರೆ, 1050 ಟಿಐ 75 ವ್ಯಾಟಿನ ಕಾರ್ಡು. ಅದಕ್ಕೆ ಬೇರೆ ವೈರೇ ಬೇಡ, ಬೋರ್ಡಿನ ಸ್ಲಾಟಿನಿಂದ ಸಿಗುವ 75 ವ್ಯಾಟೇ ಸಾಕು. ಆಟ ಆಡುವಾಗ ಪ್ರೊಸೆಸರ್ ಅರವತ್ತರ ಆಸುಪಾಸು, ಬೋರ್ಡು, ರ‍್ಯಾಮು, ಡಿಸ್ಕು, ಫ್ಯಾನು ಸೇರಿ ನಲವತ್ತು. ನೂರಾ ಎಪ್ಪತ್ತೈದು ಆಯಿತು. ಲೇಬಲ್ಲಿನ 216ರ ಒಳಗೇ.

ಹೊಸ ಲೆಕ್ಕ ಬೇರೆ. 4060 ಟಿಐಗೆ ಎನ್‌ವಿಡಿಯಾ ಕೊಡುವ ಅಂಕಿ 160 ವ್ಯಾಟ್. 12400ಎಫ್ ಪ್ರೊಸೆಸರಿನ ಡಬ್ಬದ ಮೇಲೆ 65 ವ್ಯಾಟ್ ಎಂದು ಇರುತ್ತದೆ, ಆದರೆ ಅದು ಮೂಲ ವೇಗದಲ್ಲಿ. ಟರ್ಬೊದಲ್ಲಿ ಗರಿಷ್ಠ 117 ವ್ಯಾಟ್ ಎಂದು ಇಂಟೆಲ್ಲೇ ಹೇಳುತ್ತದೆ. ಉಳಿದದ್ದಕ್ಕೆ ಉದಾರವಾಗಿ 50 ಇಟ್ಟರೆ ಒಟ್ಟು 327. ಹೆಚ್ಚೂಕಡಿಮೆ ಎಲ್ಲ 12 ವೋಲ್ಟಿನ ಮೇಲೆ. 216ರ ಸಾಲಿಗೆ ಇದು ಆಗುವ ಮಾತಲ್ಲ. ಅದೂ ಅಲ್ಲದೆ ಹೊಸ ಕಾರ್ಡಿಗೆ 8 ಪಿನ್ನಿನ ವೈರು ಬೇಕು, ಹಳೆಯದರಲ್ಲಿ ಅಂಥದ್ದು ಇಲ್ಲವೇ ಇಲ್ಲ. ಹಳೇ ಡಿಸ್ಕಿನ ನಾಲ್ಕು ಪಿನ್ನಿನ ಪ್ಲಗ್ಗಿನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. 8 ಪಿನ್ ಅಂದರೆ 150 ವ್ಯಾಟ್ ಹೊರುವ ಜಾಗ. ಅದನ್ನು ಬಡಕಲು ವೈರಿನ ಮೇಲೆ ಹೇರುವ ಆ ಅಡಾಪ್ಟರನ್ನು ಯಾರ ಮನೆಯ ಕಂಪ್ಯೂಟರಿಗೂ ನಾನು ಹಾಕಿಕೊಡುವುದಿಲ್ಲ.

ಹಾಗಾದರೆ 327ಕ್ಕೆ 350 ವ್ಯಾಟಿನದು ಸಾಕಾ? ಸಾಕಾಗದು. ಗ್ರಾಫಿಕ್ಸ್ ಕಾರ್ಡಿನ 160 ಅಂದರೆ ಸರಾಸರಿ. ಪರದೆಯ ಮೇಲೆ ಒಮ್ಮೆಲೇ ಸ್ಫೋಟವೋ ಹೊಗೆಯೋ ಬಂದಾಗ ಕಾರ್ಡು ಮಿಲಿಸೆಕೆಂಡಿನ ಲೆಕ್ಕದಲ್ಲಿ ಸರಾಸರಿಗಿಂತ ಬಹಳ ಮೇಲೆ ಹಾರಿ ಕೆಳಗಿಳಿಯುತ್ತದೆ. 2020ರಲ್ಲಿ ಆರ್‌ಟಿಎಕ್ಸ್ 3080, 3090 ಬಂದಾಗ ಇದೇ ಕಾರಣಕ್ಕೆ ಒಳ್ಳೊಳ್ಳೆಯ ಎಸ್‌ಎಂಪಿಎಸ್‌ಗಳೂ ಮೇಲುಹೊರೆ ಅಂದುಕೊಂಡು ಆಟದ ಮಧ್ಯೆ ಫಟ್ಟನೆ ಬಂದ್ ಆಗುತ್ತಿದ್ದವು. 2022ರಲ್ಲಿ ಇಂಟೆಲ್ ಹೊರಡಿಸಿದ ಎಟಿಎಕ್ಸ್ 3.0 ನಿಯಮದಲ್ಲಿ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡಿನ ಮಟ್ಟಿಗೆ ತಮ್ಮ ವ್ಯಾಟಿನ ಎರಡು ಪಟ್ಟು ತಾಳಿಕೊಳ್ಳಬೇಕು ಎಂಬ ಮಾತು ಸೇರಿದ್ದು ಇದರಿಂದಲೇ. 160 ವ್ಯಾಟಿನ ಕಾರ್ಡಿನ ನೆಗೆತ ಅಷ್ಟು ಭಯಂಕರವಲ್ಲ. ಆದರೂ ಜಾಗ ಬಿಡಬೇಕು.

ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ. ಈ ಅಂಕಿಯನ್ನು ಕೆಲವರು ವೇದವಾಕ್ಯ ಮಾಡುತ್ತಾರೆ, ಕೆಲವರು ಸುಮ್ಮನೆ ಹೆದರಿಸುವುದು ಅನ್ನುತ್ತಾರೆ. ಅದು ಇಡೀ ಕಂಪ್ಯೂಟರಿಗೆ ಸೇರಿಸಿ ಹೇಳಿದ ಲೆಕ್ಕ, ಜೊತೆಗೆ ಗ್ರಾಹಕ ಎಂಥ ಡಬ್ಬ ತಂದು ಹಾಕುತ್ತಾನೋ ಎಂಬ ಭಯವನ್ನೂ ಸೇರಿಸಿದ ಲೆಕ್ಕ. ನಿಜವಾದ 550 ನನಗೆ ಸಾಕಿತ್ತು. ಆದರೆ 550ಕ್ಕೂ 650ಕ್ಕೂ ಬೆಲೆಯಲ್ಲಿ ಅಂತರ ಕಮ್ಮಿ, ಮುಂದೆಂದಾದರೂ 220 ವ್ಯಾಟಿನ 4070 ಸೂಪರ್ ಥರದ್ದು ಹಾಕಿದರೂ ಎನ್‌ವಿಡಿಯಾದ ಸಲಹೆ 650ಕ್ಕೇ ನಿಲ್ಲುತ್ತದೆ. ನನ್ನ 327 ಅದರ ಅರ್ಧದ ಹತ್ತಿರ ಬರುವುದರಿಂದ ಫ್ಯಾನೂ ಕೂಗಾಡದು. ಅಳಿಯನ 750 ನನಗೆ ಬೇಡವಾಯಿತು. 16 ಪಿನ್ನಿನ ಹೊಸ ಪ್ಲಗ್ ಇರುವುದೇ ಬೇಕು ಎಂಬುದು ಅವನ ಇನ್ನೊಂದು ಹಟ. 2022ರಲ್ಲಿ ಆರ್‌ಟಿಎಕ್ಸ್ 4090 ಜೊತೆ ಬಂದ ಆ ಪ್ಲಗ್ ಕೆಲವೆಡೆ ಕರಗಿ ದೊಡ್ಡ ಸುದ್ದಿಯಾಗಿ, ಆಮೇಲೆ ತಿದ್ದಿದ ರೂಪ ಬಂತು. ನಾನು ನೋಡಿದ 4060 ಟಿಐಗೆ ಇದ್ದದ್ದು ಒಂದೇ 8 ಪಿನ್. ಸ್ಲಾಟಿನ 75, ಅದರ 150, ಸೇರಿ 225, ಕಾರ್ಡಿಗೆ ಬೇಕಾದ್ದು 160. ಆ ವಿಷಯ ಅಲ್ಲಿಗೆ ಬಿಟ್ಟೆವು.

ಗೋಡೆಯ ಕಡೆಯ ಕಥೆ ಇದಕ್ಕಿಂತ ಉದ್ದ.

ಸಂಜೆಯ ಹೊತ್ತಿಗೆ ನಮ್ಮಲ್ಲಿ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವುದು ಹೊಸದಲ್ಲ. ಟ್ರಾನ್ಸ್‌ಫಾರ್ಮರ್ ದೂರ, ಬೇಸಿಗೆ ಬಂತೆಂದರೆ ತೋಟದ ಪಂಪುಗಳೆಲ್ಲ ಒಟ್ಟಿಗೇ ಹೊಡೆಯುತ್ತವೆ. ಊರಿನ ವೈರಿಂಗ್ ಮಾಡುವ ಭಾವನಿಂದ ಮಲ್ಟಿಮೀಟರ್ ಎರವಲು ತಂದು ಕಂಪ್ಯೂಟರ್ ಕೋಣೆಯ ಪ್ಲಗ್ಗಿಗೆ ಆಗಾಗ ಹಚ್ಚಿ ನೋಡಿದೆ. ಮಧ್ಯರಾತ್ರಿಯ ಹೊತ್ತಿಗೆ 228, 230. ಬೆಳಿಗ್ಗೆ 215. ಸಂಜೆ ಏಳರಿಂದ ಒಂಬತ್ತರವರೆಗೆ 185, ಕೆಲವು ದಿನ 178. ನಾನು ಆಟ ಶುರುಮಾಡುವುದೇ ಆ ಹೊತ್ತಿನ ಬಾಲದಲ್ಲಿ.

ಎಸ್‌ಎಂಪಿಎಸ್ಸಿಗೆ ಇದರಿಂದ ಏನಾಗುತ್ತದೆ? ಬಲ್ಬಾದರೆ ವೋಲ್ಟ್ ಇಳಿದಾಗ ಮಂಕಾಗಿ ಸುಮ್ಮನಿರುತ್ತದೆ. ಎಸ್‌ಎಂಪಿಎಸ್ ಹಾಗಲ್ಲ, ಒಳಗೆ ಕೇಳಿದಷ್ಟು ವ್ಯಾಟ್ ಕೊಟ್ಟೇ ತೀರಬೇಕು. ವೋಲ್ಟ್ ಇಳಿದಷ್ಟೂ ಅದು ಗೋಡೆಯಿಂದ ಹೆಚ್ಚು ಆಂಪ್ ಎಳೆಯುತ್ತದೆ. 300 ವ್ಯಾಟಿಗೆ 230 ವೋಲ್ಟಿನಲ್ಲಿ 1.3 ಆಂಪ್ ಸಾಕಾದರೆ 180ರಲ್ಲಿ 1.67 ಬೇಕು. ಬಿಸಿಯೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಇಲ್ಲಿಯೇ ಲೇಬಲ್ಲಿನ ಇನ್ನೊಂದು ಸಾಲು ಮುಖ್ಯವಾಗುವುದು. ಯಾರೂ ಓದದ ಸಾಲು: ಇನ್‌ಪುಟ್. ಕೆಲವದರ ಮೇಲೆ 100ರಿಂದ 240 ವೋಲ್ಟ್ ಎಂದಿರುತ್ತದೆ. ಕೆಲವದರ ಮೇಲೆ 200ರಿಂದ 240 ಮಾತ್ರ. ಎರಡೂ ಒಂದೇ ವ್ಯಾಟು, ಒಂದೇ ಬ್ರಾಂಜ್ ಮುದ್ರೆ, ಬೆಲೆ ಐನೂರು ಆರುನೂರು ಆಚೀಚೆ. ಎರಡನೆಯದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆರಾಮಾಗಿ ಇರುತ್ತದೆ. ನಮ್ಮ 178ರಲ್ಲಿ ನಡೆದರೂ ನಡೆದೀತು, ಆದರೆ ಲೇಬಲ್ಲಿನ ಮಾತಿನಿಂದ ಅದು ಹೊರಗೆ. ಮೊದಲನೆಯದಕ್ಕೆ 178 ಲೆಕ್ಕಕ್ಕೇ ಇಲ್ಲ. ಹಳ್ಳಿಯಲ್ಲಿ ಕೂತು ಎಸ್‌ಎಂಪಿಎಸ್ ತರಿಸುವವರು ಗೋಲ್ಡೋ ಬ್ರಾಂಜೋ ಎಂದು ಕೇಳುವ ಮೊದಲು ಇದನ್ನು ಕೇಳಬೇಕು.

ಹಳೆಯ ಡಬ್ಬದ ಹಿಂದೆ 115, 230 ಎಂದು ಬರೆದ ಕೆಂಪು ಸ್ವಿಚ್ ಇತ್ತು. ವೋಲ್ಟ್ ಕಮ್ಮಿ ಇದ್ದರೆ ಅದನ್ನು 115ಕ್ಕೆ ಹಾಕಿದರಾಯಿತಲ್ಲ ಎಂದು ಕೇಳಿದವರಿದ್ದಾರೆ. ಅದು ಅಮೆರಿಕದಂಥ ದೇಶಗಳಿಗೆ ಇಟ್ಟ ಸ್ವಿಚ್ಚು. 115ರಲ್ಲಿಟ್ಟು ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಒಳಗಿನ ಕೆಪಾಸಿಟರಿಗೆ ಎರಡು ಪಟ್ಟು ಹೊಡೆತ ಬಿದ್ದು ಢಂ ಅನ್ನುತ್ತದೆ. ಈಗಿನ ಒಳ್ಳೆಯವುಗಳಲ್ಲಿ ಆ ಸ್ವಿಚ್ಚೇ ಇಲ್ಲ. ಆಕ್ಟಿವ್ ಪಿಎಫ್‌ಸಿ ಎಂಬ ಭಾಗ ಬಂದದ್ದು 120 ಆಗಲಿ 220 ಆಗಲಿ, ಮೊದಲು ಅದನ್ನು 380, 400 ವೋಲ್ಟ್ ಡಿಸಿ ಮಾಡಿಕೊಂಡು ಆಮೇಲೆ ಇಳಿಸುತ್ತದೆ. ಬಂದ್ ಮಾಡಿದ ಮೇಲೂ ಆ ವೋಲ್ಟ್ ಒಳಗೆ ಸ್ವಲ್ಪ ಹೊತ್ತು ಕೂತಿರುತ್ತದೆ. ಹಲ್ಲಿ ಸತ್ತಿದೆ ಎಂದು ಡಬ್ಬ ಬಿಚ್ಚಿ ಕೈ ಹಾಕುವ ಶೂರರು ನೆನಪಿಡಬೇಕು.

ಮಲ್ಟಿಮೀಟರ್ ಕೈಯಲ್ಲಿ ಇತ್ತಲ್ಲ, ಅರ್ತನ್ನೂ ನೋಡಿಬಿಡೋಣ ಅನಿಸಿತು. ಕ್ಯಾಬಿನೆಟ್ಟಿನ ಹಿಂದಿನ ತಗಡಿಗೆ ಬರಿಗಾಲಿನಲ್ಲಿ ಕೈ ತಾಗಿದರೆ ಜುಂ ಅನ್ನುವುದು ನಮಗೆಲ್ಲ ರೂಢಿಯಾಗಿತ್ತು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. "ಆ ಪೆಟ್ಗೆ ಮುಟ್ಟಡ್ದಾ, ಕಚ್ತು ಅದು" ಎಂದು ಆಯಿ ಮನೆಗೆ ಬಂದ ಮಕ್ಕಳಿಗೆಲ್ಲ ಹೇಳುತ್ತಿದ್ದಳು. ಹಿತ್ತಲಿನ ಹಸಿ ಮಣ್ಣಿಗೆ ಒಂದು ಕಬ್ಬಿಣದ ಸರಳು ಬಡಿದು, ಅದರಿಂದ ವೈರು ಎಳೆದು ತಂದು, ಮೀಟರಿನ ಒಂದು ತುದಿ ಅದಕ್ಕೆ, ಇನ್ನೊಂದು ಕ್ಯಾಬಿನೆಟ್ಟಿಗೆ ಇಟ್ಟೆ. 108 ವೋಲ್ಟ್.

ಇದು ಎಲ್ಲೋ ವೈರು ಕೆಟ್ಟು ಆದ ಲೀಕೇಜ್ ಅಲ್ಲ, ಎಸ್‌ಎಂಪಿಎಸ್ ಕೆಟ್ಟದ್ದೂ ಅಲ್ಲ. ಕರೆಂಟಿನ ಗದ್ದಲ ಸೋಸುವುದಕ್ಕೆ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಪುಟ್ಟ ಕೆಪಾಸಿಟರನ್ನು ಎಸ್‌ಎಂಪಿಎಸ್ಸಿನ ಮೈಗೆ ಜೋಡಿಸಿರುತ್ತಾರೆ. ಅರ್ತ್ ಇದ್ದರೆ ಅಲ್ಲಿ ಬಂದದ್ದು ಭೂಮಿಗೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ಟು ಎರಡರ ನಟ್ಟನಡುವೆ ತೂಗಾಡುತ್ತ ಸಪ್ಲೈ ವೋಲ್ಟಿನ ಅರ್ಧದ ಆಸುಪಾಸು ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಂ ಅಂದು ಬಿಡುತ್ತದೆ. ಆದರೆ ಒಳಗೆ ನಿಜವಾದ ಫಾಲ್ಟ್ ಆದ ದಿನ ಕಾಪಾಡಲು ಅಲ್ಲಿ ಏನೂ ಇರುವುದಿಲ್ಲ. ಹೊಸದಕ್ಕೆ ಎಷ್ಟೇ ದುಡ್ಡು ಸುರಿದರೂ ಇದು ಹೀಗೇ.

ಸ್ವಿಚ್‌ಬೋರ್ಡ್ ಬಿಚ್ಚಿದರೆ ಮೂರನೇ ಪಿನ್ನಿಗೆ ವೈರೇ ಇರಲಿಲ್ಲ. ಭಾವ ನೋಡಿ ನಕ್ಕ: "ಹಳೇ ಮನೆಯಲ್ಲೆಲ್ಲ ಇದೇ ಕಥೆ ಮಾರಾಯ. ತೂತು ಮೂರು, ವೈರು ಎರಡು." ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗುವ ಜಾಗದ ಪಕ್ಕ ಆಳವಾಗಿ ಗುಂಡಿ ತೆಗೆಸಿದೆವು. ಮೇಲಿನ ಮಣ್ಣು ಸಲೀಸು, ಕೆಳಗೆ ಜಂಬಿಟ್ಟಿಗೆ ಸಿಕ್ಕಿ ಆಳುಗಳು ಬೈದುಕೊಂಡರು. ಜಂಬಿಟ್ಟಿಗೆ ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ, ಅದಕ್ಕೇ ವರ್ಷವಿಡೀ ಹಸಿಯಿರುವ ಜಾಗ ಬೇಕು ಎಂದು ಭಾವ ಪಟ್ಟು ಹಿಡಿದದ್ದು. ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು, ಮೇಲೆ ನೀರು ಹೊಯ್ಯಲು ಆಲಿಕೆ. ಅಲ್ಲಿಂದ ಹಸಿರು ವೈರು ಮೇನ್‌ಬೋರ್ಡಿಗೆ, ಅಲ್ಲಿಂದ ಕೋಣೆಗೆ. ಮುಗಿದಮೇಲೆ ಅಳೆದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 226, ಫೇಸ್ ಮತ್ತು ಅರ್ತ್ ನಡುವೆ 224, ನ್ಯೂಟ್ರಲ್ ಮತ್ತು ಅರ್ತ್ ನಡುವೆ 2 ವೋಲ್ಟ್. ಕ್ಯಾಬಿನೆಟ್ಟಿಗೆ ಕೈ ಇಟ್ಟರೆ ಏನೂ ಇಲ್ಲ. ಇಡೀ ಕೆಲಸದಲ್ಲಿ ಆಯಿಗೆ ಸಮಾಧಾನ ಕೊಟ್ಟದ್ದು ಇದೊಂದೇ. ಗುಂಡಿ, ಪೈಪು, ಕೂಲಿ ಸೇರಿ ಎಸ್‌ಎಂಪಿಎಸ್ಸಿನ ಬೆಲೆಗಿಂತ ಬಹಳ ಕಮ್ಮಿ ಏನಾಗಲಿಲ್ಲ. ಹಾಗೆಂದು ಲೆಕ್ಕದಿಂದ ಬಿಡುವಂಥದ್ದೂ ಅಲ್ಲ. ಅಂಗಡಿಯಲ್ಲಿ ಸಿಗುವ ಸರ್ಜ್ ಪ್ರೊಟೆಕ್ಟರ್ ಪಟ್ಟಿಗಳು ಹೆಚ್ಚಿನ ಹೊಡೆತವನ್ನು ದಾಟಿಸುವುದು ಅರ್ತಿಗೇ. ಅರ್ತ್ ಇಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ.

ಯುಪಿಎಸ್ ವಿಚಾರ ಇದರ ಬೆನ್ನಿಗೇ ಬಂತು. ಇದ್ದದ್ದು 600 ವಿಎ. ಈ ವಿಎ (ವೋಲ್ಟ್-ಆಂಪ್) ಎಂಬುದೂ ಎಸ್‌ಎಂಪಿಎಸ್ಸಿನ ದಪ್ಪಕ್ಷರದ ವ್ಯಾಟಿನ ಜಾತಿಯದೇ. ಕೆಳಗೆ ಸಣ್ಣದಾಗಿ 360 ವ್ಯಾಟ್ ಎಂದಿತ್ತು. ಆಟದ ಹೊತ್ತಿನ ಕಂಪ್ಯೂಟರು, ಮಾನಿಟರು ಸೇರಿದರೆ ಮುನ್ನೂರು ದಾಟುತ್ತದೆ. ಅಷ್ಟು ಬಿಗಿಯಾಗಿ ಇಟ್ಟರೆ ಕರೆಂಟ್ ಹೋದ ಕ್ಷಣ ಯುಪಿಎಸ್ಸೂ ಕುಂಯ್ ಅಂದು ಕೂರುತ್ತದೆ. 1000 ವಿಎ, 600 ವ್ಯಾಟಿನ ಲೈನ್ ಇಂಟರ್ಯಾಕ್ಟಿವ್ ತೆಗೆದುಕೊಂಡೆ. ಬ್ಯಾಕಪ್ಪಿಗಿಂತ ಹೆಚ್ಚಾಗಿ ನನಗೆ ಬೇಕಿದ್ದದ್ದು ಅದರೊಳಗಿನ ಎವಿಆರ್. ವೋಲ್ಟ್ ಇಳಿದರೆ ಟಕ್ ಎಂದು ರಿಲೇ ಬದಲಿಸಿ ಮೇಲೆತ್ತಿ ಕೊಡುತ್ತದೆ, ಬ್ಯಾಟರಿ ಮುಟ್ಟುವುದಿಲ್ಲ. ಸಂಜೆ ಏಳಕ್ಕೆ ಕೋಣೆಯಲ್ಲಿ ಆ ಟಕ್ ಟಕ್ ಕೇಳುತ್ತಲೇ ಇರುತ್ತದೆ.

ಯುಪಿಎಸ್ ಕೊಳ್ಳುವಾಗ ಕೇಳಬೇಕಾದ ಇನ್ನೊಂದು, ಬ್ಯಾಟರಿಯ ಮೇಲೆ ಹೋದಾಗ ಬರುವ ಅಲೆ ಶುದ್ಧ ಸೈನ್ ಅಲೆಯೋ, ಮೆಟ್ಟಿಲು ಮೆಟ್ಟಿಲಾದ ನಕಲಿಯೋ ಎಂದು. ಅಗ್ಗದವೆಲ್ಲ ನಕಲಿಯೇ. ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಅದನ್ನು ಕಂಡರೆ ಮುನಿಯುತ್ತವೆ, ಕೆಲವು ಗುಂಯ್‌ಗುಟ್ಟಿದರೂ ನಡೆಯುತ್ತವೆ. ಕರೆಂಟಿಗೂ ಬ್ಯಾಟರಿಗೂ ನಡುವಿನ ಸಂದಿಯಲ್ಲಿ ಕೆಲವು ಮಿಲಿಸೆಕೆಂಡು ಏನೂ ಬರುವುದಿಲ್ಲ. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಗಂಟಿನಲ್ಲೇ ದಿನ ದೂಡಬೇಕು. ಒಳ್ಳೆಯವು ಹದಿನಾರು ಹದಿನೇಳು ಮಿಲಿಸೆಕೆಂಡು ತಡೆಯುತ್ತವೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದವು ಅಷ್ಟು ತಡೆಯುತ್ತವೆ ಎಂಬ ನಂಬಿಕೆ ನನಗಿಲ್ಲ.

ಮನೆಗೆ ಇನ್ವರ್ಟರ್ ಇದ್ದೇ ಇದೆ, ಶಿರಸಿ ಕಡೆ ಇಲ್ಲದ ಮನೆ ಕಮ್ಮಿ. ಕಂಪ್ಯೂಟರನ್ನೂ ಅದಕ್ಕೇ ಕೊಡು ಎಂದು ಅಳಿಯ ಸೂಚಿಸಿದ. 150 ಆಂಪ್-ಅವರ್ ಬ್ಯಾಟರಿ, 12 ವೋಲ್ಟ್: ಕಾಗದದ ಮೇಲೆ 1800 ವ್ಯಾಟ್-ಅವರ್. ಮುನ್ನೂರರ ಲೋಡಿಗೆ ಆರು ತಾಸು ಅನಿಸುತ್ತದೆ, ನಷ್ಟ ಕಳೆದು, ಬ್ಯಾಟರಿಯ ವಯಸ್ಸು ಕಳೆದು, ಮನೆಯ ಲೈಟು ಫ್ಯಾನು ಕಳೆದು ನೋಡಿದರೆ ಎರಡು ಮೂರು ತಾಸಿಗೆ ಬರುತ್ತದೆ. "ಬ್ಯಾಟ್ರಿ ಎಲ್ಲ ನಿಂಗ್ಳ ಆಟಕ್ಕೇ ಮುಗದ್ರೆ ರಾತ್ರಿ ಫ್ಯಾನಿಗೆ ಎಂತ ಮಾಡವು?" ಎಂದು ಆಯಿ ಕೇಳಿದಳು. ಆ ಪ್ರಸ್ತಾಪ ಅಲ್ಲೇ ಬಿತ್ತು. ಕರೆಂಟ್ ಹೋದರೆ ಆಟ ಸೇವ್ ಮಾಡಿ ಬಂದ್ ಮಾಡುವಷ್ಟು ನಿಮಿಷ ಯುಪಿಎಸ್ ಕೊಡುತ್ತದೆ, ಸಾಕು.

ಅಪ್ಪಯ್ಯನ ಪ್ರಶ್ನೆ ಒಂದೇ: "ಎಷ್ಟ್ ಕರೆಂಟ್ ತಿಂತು ಅದು?" ಗೃಹಜ್ಯೋತಿ ಬಂದಮೇಲೆ ಈ ಪ್ರಶ್ನೆಗೆ ಹೊಸ ತೂಕ ಬಂದಿದೆ. 2023ರಲ್ಲಿ ಅದು ಶುರುವಾದಾಗಿನ ನಿಯಮ ಹೀಗಿತ್ತು: 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟು ಪುಕ್ಕಟೆ, ಮೇಲೆ ಹೋದದ್ದಕ್ಕೆ ದುಡ್ಡು, 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು. ದಿನಕ್ಕೆ ಮೂರು ತಾಸು 300 ವ್ಯಾಟ್ ಅಂದರೆ 0.9 ಯುನಿಟ್, ತಿಂಗಳಿಗೆ 27. ಅಪ್ಪಯ್ಯ ಮನಸ್ಸಿನಲ್ಲೇ ಗುಣಿಸಿ, "ಹೂಂ" ಅಂದು ಎದ್ದು ಹೋದ. ಗೋಲ್ಡ್ ಬೇಕೋ ಬ್ರಾಂಜ್ ಸಾಕೋ ಎಂಬುದನ್ನೂ ಇದೇ ಕಾಗದದ ಮೇಲೆ ತೀರ್ಮಾನಿಸಿದೆ. ಒಳಗೆ 300 ವ್ಯಾಟ್ ಬೇಕಾದಾಗ 85 ಶೇಕಡಾ ದಕ್ಷತೆಯದು ಗೋಡೆಯಿಂದ 353 ಎಳೆದರೆ 90ರದ್ದು 333 ಎಳೆಯುತ್ತದೆ. ಇಪ್ಪತ್ತು ವ್ಯಾಟಿನ ಅಂತರ, ತಿಂಗಳಿಗೆ ಎರಡು ಯುನಿಟ್ಟೂ ಇಲ್ಲ. ಗೋಲ್ಡಿಗೆ ಕೊಡುವ ಹೆಚ್ಚಿನ ದುಡ್ಡು ಬಿಲ್ಲಿನಿಂದ ಮರಳಿ ಬರಲು ಎಸ್‌ಎಂಪಿಎಸ್ಸಿನ ಆಯುಷ್ಯವೇ ಸಾಲದು. ಇನ್ನು ಆ 80 ಪ್ಲಸ್ ಮುದ್ರೆ ಅಳೆಯುವುದು ಮುಖ್ಯವಾಗಿ ದಕ್ಷತೆಯನ್ನು. ವೋಲ್ಟ್ ಎಷ್ಟು ಸ್ಥಿರ, ಶಾರ್ಟ್ ಆದರೆ ಎಷ್ಟು ಬೇಗ ಬಂದ್ ಆಗುತ್ತದೆ, ಕೆಪಾಸಿಟರ್ 85 ಡಿಗ್ರಿಯದೋ 105ರದ್ದೋ, ಇದ್ಯಾವುದೂ ಆ ಮುದ್ರೆಯಲ್ಲಿಲ್ಲ. ವಾರಂಟಿ ಎಷ್ಟು ವರ್ಷ ಎಂಬುದು ನನಗೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ಮೂರು ವರ್ಷದ್ದನ್ನು ಬಿಟ್ಟು ಐದು ವರ್ಷದ್ದನ್ನೇ ಹುಡುಕಿದೆ.

ಪೇಟೆಗೆ ಹೋದರೆ ಅಂಗಡಿಯವರು ಶೆಲ್ಫಿನಿಂದ ಒಂದು ಡಬ್ಬ ಇಳಿಸಿದರು. "ಇದೇ ಎಲ್ಲರೂ ಒಯ್ಯೋದು ಸರ್, ಐನೂರು ವ್ಯಾಟು." ತಿರುಗಿಸಿ ಕೋಷ್ಟಕ ಓದಿದೆ. 12 ವೋಲ್ಟಿನ ಸಾಲಿನಲ್ಲಿ 20 ಆಂಪ್. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದ ಹಾಗೆ ಹಗುರ. ನನಗೆ ಬೇಕಾದ್ದು 12 ವೋಲ್ಟಿಗೆ 50ರ ಮೇಲೆ ಆಂಪ್, ಇನ್‌ಪುಟ್ 100ರಿಂದ 240, ಐದು ವರ್ಷ ವಾರಂಟಿ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹುಬ್ಬಳ್ಳಿಗೆ ಫೋನ್ ಹಚ್ಚಿ, ಅಲ್ಲಿಯವರಿಂದ ಲೇಬಲ್ಲಿನ ಫೋಟೊ ವಾಟ್ಸಾಪಿಗೆ ತರಿಸಿ, ನನಗೆ ತೋರಿಸಿದರು. 650 ವ್ಯಾಟ್, ಬ್ರಾಂಜ್, 12 ವೋಲ್ಟಿಗೆ 54 ಆಂಪ್. 648 ವ್ಯಾಟ್. ಇಲ್ಲಿ ಡಬ್ಬದ ಹೆಸರೂ ಕೋಷ್ಟಕವೂ ಒಂದೇ ಮಾತಾಡುತ್ತಿದ್ದವು. ಐದು ಸಾವಿರದ ಮೇಲೆ ಚೂರು. ಆನ್‌ಲೈನಿನಲ್ಲಿ ಇನ್ನೂರು ರೂಪಾಯಿ ಕಮ್ಮಿಗೆ ಇತ್ತು, ಆದರೆ ವಾರಂಟಿಗೆ ಕೊರಿಯರ್ ಮಾಡುತ್ತ ಕೂರುವ ಬದಲು ಕೈಗೆ ಸಿಗುವ ಅಂಗಡಿಯವರೇ ವಾಸಿ. ಡಬ್ಬ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು.

ಅಂಗಡಿಯಲ್ಲಿ ಕೂತಿದ್ದಾಗಲೇ ಒಬ್ಬರು ಹಳೇ ಬ್ರ್ಯಾಂಡೆಡ್ ಆಫೀಸ್ ಡೆಸ್ಕ್‌ಟಾಪ್ ತಂದಿದ್ದರು, ಮಗನಿಗೆ ಗೇಮಿಂಗಿಗೆ ಮಾಡಿಕೊಡಿ ಎಂದು. ಅಂಥ ಹಲವು ಮಷೀನಿನಲ್ಲಿ ಎಸ್‌ಎಂಪಿಎಸ್ಸಿನ ಅಳತೆಯೂ ಬೋರ್ಡಿನ ಪ್ಲಗ್ಗೂ ಆ ಕಂಪನಿಯದೇ ಬೇರೆ, ಪೇಟೆಯಲ್ಲಿ ಸಿಗುವ ಎಟಿಎಕ್ಸ್ ಅಳತೆಯದು ಕೂರುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ಅಗ್ಗ ಎಂದು ಅದನ್ನು ಕೊಂಡು ಆಮೇಲೆ ಕಾರ್ಡ್ ಹಾಕುವ ಯೋಚನೆ ಇರುವವರು ಮೊದಲು ಅದರ ಪಕ್ಕದ ತಗಡು ತೆಗೆಸಿ ಬೋರ್ಡಿನ ದೊಡ್ಡ ಪ್ಲಗ್ 24 ಪಿನ್ನಿನದೋ ನೋಡಲಿ.

ಜೋಡಣೆ ಮನೆಯಲ್ಲೇ. ಹಳೆಯದನ್ನು ಬಿಚ್ಚಿ ಹೊಸದರ ಪಕ್ಕ ಇಟ್ಟಾಗ ತೂಕದಲ್ಲೇ ಎರಡರ ಕುಲ ಗೊತ್ತಾಯಿತು. ಹೊಸದು ಉದ್ದ ಬೇರೆ. ಕ್ಯಾಬಿನೆಟ್ಟಿನ ಕೆಳಗಿನ ಅರೆಯಲ್ಲಿ ಹಾರ್ಡ್‌ಡಿಸ್ಕಿನ ಗೂಡು ಅಡ್ಡ ಬಂದು, ಅದರ ಸ್ಕ್ರೂ ತೆಗೆದು ಮುಂದಕ್ಕೆ ಸರಿಸಬೇಕಾಯಿತು. ಮಾಡ್ಯುಲರ್ ಆದ್ದರಿಂದ ಬೇಡದ ವೈರು ಹಾಕದೇ ಇರಬಹುದು, ಅದೊಂದು ಸುಖ. ಎಚ್ಚರ ಬೇಕಾದ್ದು ಎರಡು 8 ಪಿನ್ನುಗಳ ನಡುವೆ. ಪ್ರೊಸೆಸರಿಗೆ ಹೋಗುವುದು ನಾಲ್ಕು ನಾಲ್ಕಾಗಿ ಒಡೆಯುತ್ತದೆ, ಕಾರ್ಡಿಗೆ ಹೋಗುವುದು ಆರು ಮತ್ತು ಎರಡಾಗಿ. ನೋಡಲು ಅಣ್ಣತಮ್ಮಂದಿರು, ಆದರೆ ಒಂದರಲ್ಲಿ 12 ವೋಲ್ಟ್ ಇರುವ ಕಡೆ ಇನ್ನೊಂದರಲ್ಲಿ ಗ್ರೌಂಡ್. ಮೊದಲೆಲ್ಲ ಹಳದಿ ಕಪ್ಪು ಬಣ್ಣ ನೋಡಿ ತಿಳಿಯುತ್ತಿತ್ತು, ಈಗ ಎಲ್ಲ ವೈರೂ ಕಪ್ಪೇ. ಪ್ಲಗ್ಗಿನ ಮೇಲೆ ಅಚ್ಚಾದ ಅಕ್ಷರ ಓದಿಯೇ ಹಾಕಬೇಕು. ಮೂಲೆಗಳ ಆಕಾರ ಬೇರೆ ಇರುವುದರಿಂದ ತಪ್ಪಾದದ್ದು ಸುಲಭಕ್ಕೆ ಕೂರುವುದಿಲ್ಲ, ಕೂರದಿದ್ದರೆ ಒತ್ತಬಾರದು. ಸರಿಯಾದದ್ದು ಟಿಕ್ ಎಂದು ಕೊಕ್ಕೆ ಬೀಳುತ್ತದೆ.

ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಒಂದು ಮಣೆಯ ಮೇಲೆ ಇಟ್ಟೆ. ಎಸ್‌ಎಂಪಿಎಸ್ಸಿನ ಫ್ಯಾನು ಕೆಳಗಿನಿಂದ ಗಾಳಿ ಎಳೆಯುತ್ತದೆ. ನೆಲದ ಮೇಲೇ ಇಟ್ಟರೆ ಅಡಿಕೆ ಸುಲಿಯುವ ಕಾಲದಲ್ಲಿ ವಾರದೊಳಗೆ ಜಾಲರಿ ಕಟ್ಟುತ್ತದೆ, ಮಳೆಗಾಲದಲ್ಲಿ ಥಂಡಿ ನೇರ ಒಳಗೆ.

ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್‌ಮೀಟರ್ ಒಂದನ್ನು ಹಾಕಿ ನೋಡಿದ ಅಂಕಿ ಇವು. ಸುಮ್ಮನೆ ಡೆಸ್ಕ್‌ಟಾಪ್ ತೆರೆದಿಟ್ಟಾಗ 50ರ ಆಸುಪಾಸು. ಹಗಲಿನ ಆಫೀಸ್ ಕೆಲಸಕ್ಕೆ 70, 80. ಭಾರದ ಆಟದಲ್ಲಿ 280ರಿಂದ 290. ಕಾರ್ಡು ಮತ್ತು ಪ್ರೊಸೆಸರ್ ಎರಡನ್ನೂ ಒಟ್ಟಿಗೆ ಹಿಂಡುವ ಟೆಸ್ಟ್ ಓಡಿಸಿದರೂ 350 ದಾಟಲಿಲ್ಲ, ಅದೂ ಗೋಡೆಯ ಕಡೆಯ ಅಳತೆ, ಒಳಗೆ ಅದಕ್ಕಿಂತ ಕಮ್ಮಿ. "ಹಂಗಾರೆ 550ನೇ ಸಾಕಾಗಿತ್ತಲ ಮಾವ" ಎಂದ, 750 ತಗೊ ಅಂದಿದ್ದ ಅದೇ ಪುಣ್ಯಾತ್ಮ. ಸಂಜೆ ವೋಲ್ಟ್ 180ಕ್ಕೆ ಇಳಿದ ಹೊತ್ತಿನಲ್ಲಿ ಬೇಕೆಂದೇ ಯುಪಿಎಸ್ ತಪ್ಪಿಸಿ ನೇರ ಗೋಡೆಗೆ ಹಾಕಿ ಒಂದು ರೇಸ್ ಆಡಿ ನೋಡಿದೆವು. ಏನೂ ಆಗಲಿಲ್ಲ. ಆಮೇಲೆ ಮತ್ತೆ ಯುಪಿಎಸ್ಸಿಗೇ.

ಅಡ್ಡಮಳೆಯ ಗುಡುಗು ಶುರುವಾದರೆ ಮಾತ್ರ ಯಾವ ನಂಬಿಕೆಯೂ ಇಲ್ಲ. ಪ್ಲಗ್ ಕೀಳುವುದು, ರೂಟರಿನಿಂದ ಬರುವ ಲ್ಯಾನ್ ವೈರನ್ನೂ ಕೀಳುವುದು. ಫೈಬರಿನಲ್ಲಿ ಬರದಿದ್ದರೂ ರೂಟರಿನ ಅಡಾಪ್ಟರಿಗೆ ಬಿದ್ದ ಹೊಡೆತ ಆ ತಾಮ್ರದ ವೈರಿನಲ್ಲಿ ಬೋರ್ಡಿಗೆ ಬರಲು ದಾರಿ ಇದೆ. ನಮ್ಮ ಕಡೆಯ ಸಿಡಿಲಿನ ಮುಂದೆ ಅರ್ತಿಂಗೂ ಸರ್ಜ್ ಪಟ್ಟಿಯೂ ಅಷ್ಟಕ್ಕಷ್ಟೇ.

ಡಬ್ಬದಲ್ಲಿ ಉಳಿದ ಮಾಡ್ಯುಲರ್ ವೈರುಗಳನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ಕಂಪನಿ, ಮಾದರಿ ಎರಡನ್ನೂ ಮಾರ್ಕರಿನಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಕಾರ್ಡಿನ ಕಡೆಯ ತುದಿ ಎಲ್ಲರದೂ ಒಂದೇ, ಆದರೆ ಎಸ್‌ಎಂಪಿಎಸ್ಸಿನ ಕಡೆಯ ತುದಿಗೆ ಒಂದೇ ನಿಯಮ ಅಂತಿಲ್ಲ. ಒಂದು ಕಂಪನಿಯಲ್ಲಿ 5 ವೋಲ್ಟ್ ಬರುವ ತೂತಿನಲ್ಲಿ ಇನ್ನೊಂದರಲ್ಲಿ 12 ಇರಬಹುದು, ಒಂದೇ ಕಂಪನಿಯ ಎರಡು ಮಾದರಿಯಲ್ಲೂ ಹಾಗಾಗಬಹುದು. ವೈರು ಸಲೀಸಾಗಿ ಕೂರುತ್ತದೆ, ಡಿಸ್ಕು ಹೋಗುತ್ತದೆ. ಅಳಿಯ ಹಾಸ್ಟೆಲ್ಲಿಗೆ ಹೊರಡುವಾಗ ಗೆಳೆಯನಿಗೆಂದು ಅದರಲ್ಲಿ ಒಂದು ಸಾಟಾ ವೈರು, ಅಂದರೆ ಡಿಸ್ಕಿಗೆ ಕರೆಂಟ್ ಕೊಡುವುದು, ಕೇಳಿದ. ಗೆಳೆಯನ ಎಸ್‌ಎಂಪಿಎಸ್ ಯಾವ ಕಂಪನಿಯದೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಕೊಡಲಿಲ್ಲ.